ಬೆರಳಷ್ಟು ಸಡಿಲ

"ಮತ್ತೆ ಕಾಲು ಇಳೀತಿದೆ," ಎಂದು ಮಗಳು ಅಭ್ಯಾಸದ ತೊಟ್ಟಿಯ ಅಂಚಿಗೆ ಗಲ್ಲ ಊರಿ ಉಸಿರು ಬಿಟ್ಟಳು. "ಮೀನಿನ ಹಾಗೆ ಮಲಗು ಅಂತಾರೆ ಮೇಸ್ತ್ರಿ. ನಾನು ನೋಡಿದ್ರೆ ನೀರಲ್ಲಿ ಬಸ್ಸಿಗೆ ಕಾಯೋರ ಹಾಗೆ ನಿಂತಿದೀನಿ."

ಬೆಳಗಿನಿಂದ ಇದೇ ಆಗಿತ್ತು. ಇಳಿಯುವುದು, ಹತ್ತುವುದು, ಪಟ್ಟಿ ಸರಿಪಡಿಸುವುದು, ಮತ್ತೆ ಇಳಿಯುವುದು. ಮುಳುಗುಗಾರರ ತಂಡದ ಪಟ್ಟಿ, ಕೊಕ್ಕೆ, ಗಾಳಿಚೀಲಗಳನ್ನೆಲ್ಲ ಹೊಲಿದು ಹೊಂದಿಸುವುದು ತಾಯಿಯ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ ಕೂರಿಸಿ, ತಿನ್ನಿಸಿ, ಒರೆಸಿ, ಅಡುಗೆ ಮುಗಿಸಿ ಬಂದವಳ ಸೊಂಟ ಆಗಲೇ ಕೈಕೊಟ್ಟಿತ್ತು. ಆದರೂ ಮಗಳು ಹತ್ತಿ ಬಂದು ಕೂತಾಗ ಮತ್ತೆ ಮಂಡಿಯೂರಿದಳು.

ಇದು ಮಾಮೂಲಿ ಸಜ್ಜಲ್ಲ. ಸಿಲಿಂಡರುಗಳು ಬೆನ್ನ ಮೇಲೆ ಕೂರದೆ ಎರಡು ಪಕ್ಕೆಗಳಲ್ಲಿ, ಕೂಸುಗಳ ಹಾಗೆ ಕಂಕುಳಿಗೆ ಅವುಚಿಕೊಂಡಿರಬೇಕು. ಬೆನ್ನಿಗೆ ರೆಕ್ಕೆ ಎಂದು ಇವರೆಲ್ಲ ಕರೆಯುವ ಗಾಳಿಚೀಲ ಮಾತ್ರ. ಊರಿಗೆ ನೀರು ಹರಿಸುವ ಸುರಂಗದೊಳಗೆ ಎಲ್ಲೋ ಬಿರುಕು ಬಿಟ್ಟಿತ್ತು; ಅದನ್ನು ಹುಡುಕಲು ನೀರು ತುಂಬಿದ ಆ ಇಕ್ಕಟ್ಟಿನಲ್ಲಿ ಬೆನ್ನ ಮೇಲೆ ಹೊರೆ ಹೊತ್ತವರು ನುಸುಳುವ ಹಾಗಿರಲಿಲ್ಲ. ಈ ಸಜ್ಜಿನಲ್ಲಿ ತೊಟ್ಟಿಯ ನೀರಲ್ಲಿ ನೆಟ್ಟಗೆ ಮಲಗಿ ತೋರಿಸಿದರೆ ನಾಳೆ ಸುರಂಗಕ್ಕಿಳಿಯುವ ಕೆಲಸ ಮಗಳದ್ದು. ಇಲ್ಲವಾದರೆ ಬೇರೆ ಕಡೆಯಿಂದ ಒಬ್ಬನನ್ನು ಕರೆಸುತ್ತಾರೆ; ಇವಳು ಎಂದಿನಂತೆ ದಡದಲ್ಲಿ ಹಗ್ಗ ಹಿಡಿದು ನಿಲ್ಲಬೇಕು. ಹಗ್ಗ ಹಿಡಿದು ಹಿಡಿದು ಅವಳಿಗೂ ಸಾಕಾಗಿತ್ತು.

ತಂಡದ ಮೇಸ್ತ್ರಿ ಟೀ ಲೋಟ ಹಿಡಿದು ಬಂದ. "ಏನಕ್ಕಾ, ಅಲಂಕಾರ ಇನ್ನೂ ಮುಗೀಲಿಲ್ವಾ? ನನಗೆ ಕಟ್ಟಿಕೊಟ್ಟಾಗ ಟೀ ಆರೋದ್ರೊಳಗೆ ಮುಗಿಸಿದ್ರಿ."

"ಪೀಪಾಯಿಗೆ ಪಟ್ಟಿ ಬಿಗಿಯೋಕೆ ಎಷ್ಟು ಹೊತ್ತು ಬೇಕು?" ಎಂದಳು ತಾಯಿ.

ಅವನು ಹೊಟ್ಟೆ ಸವರಿಕೊಂಡು ನಕ್ಕ. "ಸರಿ ಸರಿ. ಬೆಳಕಿರೋವಾಗ್ಲೇ ಒಂದು ಮಾತು ಹೇಳಿಬಿಡಿ. ಆಗಲ್ಲ ಅಂದ್ರೆ ಆ ಇನ್ನೊಬ್ಬನಿಗೆ ಫೋನ್ ಮಾಡ್ತೀನಿ. ಅದರಲ್ಲೇನೂ ಬೇಜಾರಿಲ್ಲ."

ಆ ಮಾತಿಗೆ ತಾಯಿಯ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಮುಖ ತೋರಿಸದೆ ಮಗಳ ಭುಜದ ಪಟ್ಟಿಗೆ ಕೈ ಹಾಕಿ ಎಳೆದಳು. ಮಗಳು ಥಟ್ಟನೆ ಆ ಕೈ ಹಿಡಿದಳು.

"ಈ ಬೆರಳು ತೆಗಿ."

"ಯಾವ ಬೆರಳೇ?"

"ಪಟ್ಟಿ ಕೆಳಗೆ ಇಟ್ಕೊಂಡು ಬಿಗೀತೀಯಲ್ಲ, ಇದು. ಸೊಂಟದ ಪಟ್ಟೀಲೂ ಇಡ್ತೀಯ, ತೊಡೆಸಂದಿ ಪಟ್ಟೀಲೂ ಇಡ್ತೀಯ. ಅದಕ್ಕೇ ಗಾಳಿ ತುಂಬಿದ ಕೂಡ್ಲೇ ರೆಕ್ಕೆ ಕತ್ತಿನ ತನಕ ಏರಿಬಿಡುತ್ತೆ, ಕಾಲು ಇಳಿಯುತ್ತೆ. ಬೇರೆಯವರಿಗೆ ಕಟ್ಟೋವಾಗ ಬೆರಳು ಇಡಲ್ಲ ನೀನು. ನಾನು ನೋಡಿದೀನಿ."

ತಾಯಿ ತನ್ನ ಬೆರಳನ್ನೇ ನೋಡಿದಳು. ಯಾರೋ ಬೇರೆಯವರದ್ದು ಅನ್ನುವ ಹಾಗೆ. "ಒತ್ತುತ್ತೆ ಅಂತ..." ಎಂದು ತಡವರಿಸಿದಳು.

"ಸ್ಕೂಲ್ ಯೂನಿಫಾರ್ಮ್ ಅಳತೆ ಕೊಡೋವಾಗ್ಲೂ ಹೀಗೇ ಬೆರಳು ತೂರಿಸ್ತಿದ್ದೆ. ಇರಲಿ ಬಿಡಿ, ಬೆಳೆಯೋ ಹುಡುಗಿ ಅಂತ ಟೈಲರಿಗೆ ಹೇಳ್ತಿದ್ದೆ. ನನ್ನ ಲಂಗದೊಳಗೆ ಇನ್ನೊಬ್ಬಳು ಬಾಡಿಗೆಗೆ ಇರಬಹುದಿತ್ತು."

"ಬೆಳೆದೆ ತಾನೆ?"

"ಬೆಳೆದೆನಮ್ಮ, ಇನ್ನು ಬೆಳೆಯಲ್ಲ. ರೆಕ್ಕೇನೂ ಅಷ್ಟೆ. ಚಿಕ್ಕದು ಬೀರುವಿನಲ್ಲೇ ಇದೆ, ಆದ್ರೂ ನೀನು ಈ ದೊಡ್ಡದನ್ನೇ ಆರಿಸಿ ತಂದೆ."

"ಜಾಸ್ತಿ ಗಾಳಿ ಹಿಡಿಯುತ್ತೆ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೇಲಕ್ಕೆ ಬೇಗ ಬರಬಹುದು."

ಮಗಳು ರೇಗಲಿಲ್ಲ. ರೇಗಿದ್ದರೆ ತಾಯಿಗೂ ಎರಡು ಮಾತಾಡಿ ಹಗುರಾಗಬಹುದಿತ್ತು. ಒದ್ದೆ ಕೂದಲು ಹಿಂದಕ್ಕೆ ಸರಿಸಿಕೊಂಡು ಮೆಲ್ಲಗೆ ಕೇಳಿದಳು: "ಸುರಂಗದಲ್ಲಿ ಮೇಲೆ ಏನಿದೆ ಅಮ್ಮಾ? ಕಲ್ಲು."

ಮೇಸ್ತ್ರಿ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಅದನ್ನೇ ನೋಡುತ್ತ ಕಿಟಕಿಯ ಕಡೆ ನಡೆದ.

ತಾಯಿ ಎದ್ದಳು. ಬೀರುವಿನವರೆಗೆ ಹೋಗಿ ಬರುವುದು ಊರಾಚೆ ಹೋಗಿ ಬಂದಷ್ಟಾಯಿತು. ಚಿಕ್ಕ ರೆಕ್ಕೆಯನ್ನು ಮಗಳ ಬೆನ್ನಿಗೆ ಕೂರಿಸಿ, "ಬಗ್ಗು," ಎಂದಳು. ನೀರಲ್ಲಿರುವ ಹಾಗೆ ಮಗಳು ಮುಂದಕ್ಕೆ ಬಾಗಿದಳು. ತಾಯಿ ಕಂಕುಳಡಿ ಸಿಲಿಂಡರ್ ಹಿಡಿದಿಡುವ ರಬ್ಬರ್ ಹಗ್ಗವನ್ನು ಗಂಟು ಬಿಚ್ಚಿ ಗಿಡ್ಡ ಮಾಡಿದಳು. ಭುಜ, ಸೊಂಟ, ತೊಡೆಸಂದಿ ಒಂದೊಂದೇ ಪಟ್ಟಿಯನ್ನು ಮೈಗೆ ಕಚ್ಚುವಷ್ಟು ಎಳೆದಳು. ಈ ಸಲ ನಡುವೆ ಬೆರಳಿರಲಿಲ್ಲ. ಮಗಳು ಒಮ್ಮೆ "ಹಾ" ಎಂದಳು. ತಾಯಿ ಕೈ ಸಡಿಲಿಸಲಿಲ್ಲ.

ಬಿಗಿದ ಮೇಲೆ ಬಕಲ್ಲುಗಳಾಚೆ ಪಟ್ಟಿಯ ತುದಿಗಳು ಗೇಣುದ್ದ ಉಳಿದವು. ಸುರಂಗದಲ್ಲಿ ಇಂಥ ತುದಿಯೇ ಕಂಬಿಗೋ ಕಲ್ಲಿಗೋ ಸಿಕ್ಕಿಕೊಳ್ಳುವುದು. ಒಮ್ಮೆ ಕತ್ತರಿಸಿದರೆ ಮುಗಿಯಿತು, ಮತ್ತೆ ಸಡಿಲ ಮಾಡಲು ಬರುವುದಿಲ್ಲ. ಕತ್ತರಿ ಬೆರಳಿಗೆ ಹಾಕಿಕೊಂಡು ತಾಯಿ ಒಂದು ತುದಿಯನ್ನು ಇನ್ನೊಂದು ಕೈಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಮಗಳೂ ಅವಸರ ಮಾಡಲಿಲ್ಲ. ಆಮೇಲೆ ತಾಯಿ ಕತ್ತರಿಸಿದಳು; ಎಳೆ ಬಿಡದಿರಲೆಂದು ಕತ್ತರಿಸಿದ ಬಾಯಿಗಳನ್ನು ಲೈಟರಿನ ಬೆಂಕಿಗೆ ಹಿಡಿದು ಕರಗಿಸಿ, ಬಿಸಿಯಿರುವಾಗಲೇ ಹೆಬ್ಬೆರಳಲ್ಲಿ ಒತ್ತಿದಳು. ಹೆಬ್ಬೆರಳು ಸುಟ್ಟಿತು.

ಮಗಳು ನೀರಿಗಿಳಿದಳು. ಒಂದು ಗಳಿಗೆ ಅಲುಗಿ, ಹಾಸಿದ ಹಲಗೆಯ ಹಾಗೆ ನೆಟ್ಟಗೆ ಮಲಗಿದಳು. ಪಕ್ಕೆಯ ಸಿಲಿಂಡರುಗಳು ಮೈಯದೇ ಎಲುಬಿನ ಹಾಗಿದ್ದವು.

"ಸಾಕಕ್ಕಾ," ಎಂದ ಮೇಸ್ತ್ರಿ, ಕಿಟಕಿಯಿಂದ ತಿರುಗಿ ಬಂದು. ದನಿಯಲ್ಲಿ ನಗೆ ಇರಲಿಲ್ಲ. "ಬೆಳಿಗ್ಗೆ ಕಳಿಸಿ."

ತಾಯಿ ಅಂಚಿನಲ್ಲಿ ಬಗ್ಗಿ, ಮಗಳನ್ನು ದಡಕ್ಕೆ ಎಳೆದುಕೊಳ್ಳಲು ನೀರಿಗೆ ಕೈ ಹಾಕಿದಳು. ಭುಜ ಸವರಿದಳು, ಬೆನ್ನು ಸವರಿದಳು, ಸೊಂಟ ಸವರಿದಳು. ಹಿಡಿದುಕೊಳ್ಳಲು ಎಲ್ಲೂ ಏನೂ ಜೋತುಬಿದ್ದಿರಲಿಲ್ಲ.