ಇನ್ನೊಮ್ಮೆ ಓಡು

ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಹಲ್ಲು ಕಡಿಯುತ್ತೇನೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಅವ್ವ ನನ್ನನ್ನೂ ಅಕ್ಕನನ್ನೂ ಕುರುಗೋಡಿನಿಂದ ಬಸ್ಸು ಹತ್ತಿಸಿಕೊಂಡು ಬಳ್ಳಾರಿಗೆ, ಓಟದ ಪಂದ್ಯಕ್ಕೆ ಕರೆತಂದಿದ್ದಳು. ಮಧ್ಯಾಹ್ನದ ಬಿಸಿಲಿಗೆ ಕಾದ ಗರಸು ನೆಲದ ಮೇಲೆ ಅಕ್ಕ ಬರಿಗಾಲಲ್ಲಿ ಓಡಿ ಎಲ್ಲರಿಗಿಂತ ಮೊದಲು ಬಂದಳು. ಅದೇ ಗಳಿಗೆಗೆ ಸುಳಿಗಾಳಿ ಎದ್ದು, ಧೂಳಿನಲ್ಲಿ ಪತ್ರಿಕೆಯ ಫೋಟೊಗ್ರಾಫರನಿಗೆ ಏನೂ ಕಾಣಲಿಲ್ಲ.

"ಇನ್ನೊಮ್ಮೆ ಓಡವಾ, ಫೋಟೊ ಬರಬೇಕಲ್ಲ" ಎನ್ನುತ್ತ ಮುಖ್ಯ ಅತಿಥಿ ಶಾಮಿಯಾನದ ನೆರಳಿನಿಂದ ಎದ್ದುಬಂದು ರಿಬ್ಬನ್ನಿನ ಪಕ್ಕ ನಿಂತರು. ಅಕ್ಕ ಓಡಿದಳು. ಫೋಟೊ ತೆಗೆಯುವಾಗ ತಾವು ಕಣ್ಣು ಮುಚ್ಚಿದೆವೆಂದು ಅವರು ಮತ್ತೆ ಓಡಲು ಹೇಳಿದರು.

ಅವ್ವ ಕೈ ಮುಗಿದಳು. "ಸಾಹೇಬ್ರ, ಹುಡುಗಿ ಅಂಗಾಲು ಬೊಬ್ಬಿ ಎದ್ದಾವ್ರಿ."

"ನೀ ಸುಮ್ನಿರಬೇ" ಎಂದು ಅವರು ಗದರಿದರು.

ಅಕ್ಕ ಓಡುತ್ತ ಬಂದವಳು ರಿಬ್ಬನ್ನಿನ ಎದುರಿಗೇ ನಿಂತುಬಿಟ್ಟಳು. "ನಾ ಒಮ್ಮಿ ಗೆದ್ದೀನ್ರಿ. ಸಾಕು."

ಆ ಮನುಷ್ಯ ಅಕ್ಕನ ಮುಖ ಕೂಡ ನೋಡಲಿಲ್ಲ. ಎರಡನೆಯವಳಾಗಿ ಬಂದಿದ್ದ ಹುಡುಗಿಯನ್ನು ಕರೆದು ಓಡಿಸಿದರು.

ಮರುದಿನ ಪತ್ರಿಕೆಯಲ್ಲಿ ಆ ಹುಡುಗಿ ರಿಬ್ಬನ್ ಹರಿಯುತ್ತಿದ್ದಳು, ಪಕ್ಕದಲ್ಲಿ ಅತಿಥಿ ಚಪ್ಪಾಳೆ ತಟ್ಟುತ್ತಿದ್ದರು. ಕೆಳಗೆ ಅಚ್ಚಾಗಿದ್ದದ್ದು ಅಕ್ಕನ ಹೆಸರು. ಓದಲು ಬಾರದ ಅವ್ವನಿಗೆ ನಾನೇ ಓದಿ ಹೇಳಿದೆ.

"ಹೆಸರು ನಮ್ಮಾಕಿದು, ಮಾರಿ ಮಂದೀದಾ?" ಎಂದವಳು ಪತ್ರಿಕೆಯನ್ನು ಮುದ್ದೆ ಮಾಡಿ ಒಲೆಗೆ ತುರುಕಿದಳು. ಆ ಉರಿಯಲ್ಲೇ ಅಕ್ಕನ ಅಂಗಾಲಿಗೆ ಎಣ್ಣೆ ಕಾಯಿಸಿದಳು.