ನೋಡಿದರೇ ಗೊತ್ತಾಗುವ ಮನೆ

“ಗುರ್ತು ಯಾಕ್ಲಾ ಬೇಕು? ನಮ್ ಜಾಗದಲ್ಲಿ ಇರೋದೇ ಎರಡು ಮನೆ. ಯಾವುದು ಬೀಳಂಗದೋ ಅದ್ನ ಕೆಡವು. ನೋಡುದ್ರೇ ಗೊತ್ತಾಯ್ತದೆ!”

ಜೆಸಿಬಿ ಓಡಿಸುವ ಅಫ್ಸರ್ ಪಾಷಾನಿಗೆ ಇಷ್ಟು ಹೇಳಿ ಫೋನಿಟ್ಟ ಚಲುವರಾಜು ಮದ್ದೂರಿನ ಬಸ್ಸು ಹತ್ತಿದ. ತಾತನ ಕಾಲದ ತೊಟ್ಟಿಮನೆ ಉರುಳುವ ಹೊತ್ತಿಗೆ ಮಳವಳ್ಳಿಯಲ್ಲಿರಲು ಅವನಿಗೆ ಧೈರ್ಯವಿರಲಿಲ್ಲ. ಹೆಂಡತಿ ಕುಸುಮಳ ಕಣ್ಣೀರೆಂದರೆ ಭಯ. ಅಲ್ಲಿ ಆರು ಅಂಗಡಿ ಎಬ್ಬಿಸಬೇಕೆಂದು ಅವನ ಆಸೆ, ಮನೆ ಉಳಿಯಲೇಬೇಕೆಂದು ಅವಳ ಹಟ. ವರ್ಷದಿಂದ ಇದೇ ಜಗಳ.

ಈ ತಿಂಗಳು ಮಾತ್ರ ಅವಳು ತಣ್ಣಗಾಗಿದ್ದಳು. ನಾಲ್ಕು ವರ್ಷದಿಂದ ಅವರ ಸಂಸಾರವಿದ್ದದ್ದು ಪಕ್ಕದ ತಾರಸಿ ಮನೆಯಲ್ಲಿ. ಮಳೆ ಬಂದರೆ ಅಲ್ಲಿ ಮಂಚವನ್ನೇ ಎಳೆದಾಡಬೇಕು. ಅದನ್ನೇ ನೆಪ ಮಾಡಿಕೊಂಡು ಹಾಸಿಗೆ, ಪಾತ್ರೆ, ಟೀವಿ ಎಲ್ಲವನ್ನೂ ತೊಟ್ಟಿಮನೆಗೆ ಸಾಗಿಸಿದಳು. ಗೋಡೆಗೆ ಸುಣ್ಣ ಬಳಿದಳು. ಕೆಮ್ಮಣ್ಣಿನ ಅಂಚು ಎಳೆದಳು. ಕಂಬಗಳಿಗೆ ಎಣ್ಣೆ ಹಚ್ಚಿದಳು.

“ಸಾಯೋ ಮುದುಕಿಗೆ ರೇಸ್ಮೆ ಸೀರೆ ಉಡುಸ್ತಿದ್ದೀಯಲ್ಲಮ್ಮಿ!” ಎಂದು ಚಲುವರಾಜು ನಕ್ಕಿದ್ದ.

“ಯಾರ್ ಆಯಸ್ಸು ಎಷ್ಟು ಅಂತ ಯಾರ್ ಕಂಡವ್ರೆ, ಬುಡಿ.”

“ಜೆಸಿಬಿ ಬರೋ ದಿನ ಸಾಮಾನು ನೋಡ್ಕೊ.”

“ಸಾಮಾನ್ಗೇನೂ ಆಗಾಕಿಲ್ಲ.”

ಮದ್ದೂರಿನ ಹೋಟೆಲಿನಲ್ಲಿ ಎರಡನೇ ವಡೆ ಮುರಿಯುತ್ತಿರುವಾಗಲೇ ಪಾಷಾನ ಫೋನು ಬಂತು.

“ಆಯ್ತು ಕಣಣ್ಣ! ಎರಡು ದಿನದ ಕೆಲ್ಸ ಅನ್ಕೊಂಡಿದ್ದೆ. ಬಕೆಟ್ ಮುಟ್ಸಿದ್ದೇ ತಡ, ಕೂತ್ಬುಡ್ತು. ಒಳಗೆ ಬರೀ ಮರಳು!”

“ಹಳೇ ಕಾಲದ ಕೆಲ್ಸ ಕಣ್ಲಾ, ಇನ್ನೇನಿದ್ದಾತು. ನಮ್ಮವ್ಳು ಅತ್ತಳಾ?”

“ಇಲ್ಲಣ್ಣ. ಅಕ್ಕ ಕಾಫಿ ಕೊಟ್ರು.”

ಚಲುವರಾಜು ಫೋನಿಟ್ಟ. ಎಷ್ಟಾದರೂ ಅವನು ಹುಟ್ಟಿದ್ದು ಆ ಮನೆಯಲ್ಲೇ. ವಡೆ ಅರ್ಧಕ್ಕೇ ಬಿಟ್ಟು, ಹೆಂಡತಿಯ ಸಮಾಧಾನಕ್ಕೆಂದು ಎರಡು ಮೊಳ ಮಲ್ಲಿಗೆ ಕೊಂಡ.

ಸಂಜೆ ಬಸ್ಸಿಳಿದವನು ತಲೆ ತಗ್ಗಿಸಿಕೊಂಡೇ ಮನೆಯ ದಾರಿ ಹಿಡಿದ. ಕುಸುಮಳ ಮುಖ ಹೇಗೆ ನೋಡುವುದೆಂದು ದಾರಿಯುದ್ದಕ್ಕೂ ಅದೇ ಯೋಚನೆ. ಬೀದಿಯ ತಿರುವಿನಲ್ಲಿ ಧೂಳಿನ ವಾಸನೆ ಬಡಿಯಿತು. ಕೊನೆಗೂ ತಲೆಯೆತ್ತಿದ.

ತೊಟ್ಟಿಮನೆಯ ಜಗಲಿಯ ಮೇಲೆ ಕುಸುಮ ಸೊಪ್ಪು ಸೋಸುತ್ತಿದ್ದಳು. ಪಕ್ಕದಲ್ಲಿ, ಅವನೇ ಮುಂದೆ ನಿಂತು ಕಟ್ಟಿಸಿದ್ದ ತಾರಸಿ ಮನೆ ನೆಲ ಕಚ್ಚಿತ್ತು. “ಬೀಳಂಗಿದ್ದದ್ದೇ ಬಿತ್ತು, ಬುಡಿ,” ಎಂದು ಅವಳು ಹೂವಿಗೆ ಕೈ ಚಾಚಿದಳು. “ನಿಮ್ಮ ಅಂಗಡಿಗೂ ಜಾಗ ಆಯ್ತು.”