ಅಕ್ಕಿಗೊಂದು ನಗು

ಪರದೇಶದ ಆ ಊರಿನಲ್ಲಿ, ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕಿನಲ್ಲಿ ಅಕ್ಕಿಚೀಲ ನಿಜಗುಣನ ಕೈಗೆ ಬಂದಿತ್ತು, ಆದರೆ ಚುನಾವಣೆಗೆ ನಿಂತಿದ್ದ ಪಾಟೀಲರು ಅದರ ಇನ್ನೊಂದು ತುದಿಯನ್ನು ಬಿಡಲಿಲ್ಲ. ಅವರ ಕಡೆಯವನೊಬ್ಬ ಕ್ಯಾಮೆರಾ ಎತ್ತಿದ.

"ಸರ, ಸ್ವಲ್ಪ ನಗ್ರಿ. ಎಲೆಕ್ಷನ್ ಐತಿ," ಎಂದರು ಪಾಟೀಲರು.

ನಿಜಗುಣ ಮುಖ ತಿರುಗಿಸಿದ. ಪುಕ್ಕಟೆ ಗೋಧಿ ಹಂಚಿ ರೋಮಿನ ನಾಯಕರು ಜನರನ್ನು ಹೇಗೆ ಕೊಂಡರೆಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ಅವನು. ಆ ಕೆಲಸ ಹೋಗಿ ಆರು ತಿಂಗಳಾಗಿತ್ತು. ಈ ಫೋಟೋ ಹಳೆಯ ವಿದ್ಯಾರ್ಥಿಗಳ ಕಣ್ಣಿಗೂ ಬೀಳುತ್ತದೆ. ಆದರೆ ಮಿಲ್ಟನ್ ಊರಿನ ಬಾಡಿಗೆ ಬೇಸ್‌ಮೆಂಟ್ ಮನೆಯಲ್ಲಿ ಹೆಂಡತಿ ರತ್ನಾ ನಿನ್ನೆಯಿಂದ ತನ್ನ ಪಾಲನ್ನೂ ಮಗಳಿಗೇ ಬಡಿಸಿ, ಹಸಿವಿಲ್ಲ ಎನ್ನುತ್ತಿದ್ದಳು.

ಅವನು ಕ್ಯಾಮೆರಾದತ್ತ ತಿರುಗಿ ನಕ್ಕ. ಪಾಟೀಲರು ಚೀಲ ಬಿಟ್ಟು ಮುಂದಿನವರ ಕಡೆ ಹೊರಟರು. ನಿಜಗುಣ ಓಡಿ ಅವರ ತೋಳು ಹಿಡಿದ. "ಸಾಹೇಬ್ರ, ಇನ್ನೊಂದು ಚೀಲ ಕೊಡ್ರಿ. ನಿಮ್ಮ ಬಗ್ಗೆ ನಾಕ ಒಳ್ಳೇ ಮಾತು ಹೇಳ್ತೀನಿ, ವಿಡಿಯೋ ಮಾಡ್ಕೋರಿ."